ಐದು ಜನ, ಒಂದು ಲ್ಯಾಪ್‌ಟಾಪ್: ಕ್ಲಾಸಿನ ಸಂದರ್ಶನದ ವಿಡಿಯೋ ಎಡಿಟ್ ಮಾಡುವುದು ಹೇಗೆ?

ಮಲ್ಪೆ ಬಂದರಿನಲ್ಲಿ ಬಲೆ ಸರಿಮಾಡುವ ಹಿರಿಯರೊಬ್ಬರನ್ನು ಮೊಬೈಲಿನಲ್ಲಿ ಅರ್ಧ ಗಂಟೆ ಶೂಟ್ ಮಾಡಿದ್ದೀರಿ. ಅದನ್ನು 3 ನಿಮಿಷಕ್ಕೆ ಇಳಿಸಬೇಕು. ಗುಂಪಿನಲ್ಲಿ ಐದು ಜನ, ಲ್ಯಾಪ್‌ಟಾಪ್ ಒಂದೇ, ದಿನಾ ಜಗಳ. ಏನು ಮಾಡುವುದು ಅಂತ ಕೇಳಿದ್ದೀರಿ.

ಮೊದಲು ಲ್ಯಾಪ್‌ಟಾಪ್ ಮುಚ್ಚಿಡಿ. ನಾನು ಮಂಗಳೂರಿನಲ್ಲಿ ಎಡಿಟಿಂಗ್ ಮಾಡುತ್ತೇನೆ, ಆಗಾಗ ಕಾಲೇಜು ಮಕ್ಕಳಿಗೆ ಹೇಳಿಕೊಡುವುದೂ ಉಂಟು. ಎಲ್ಲಾ ಗುಂಪಿನಲ್ಲೂ ಇದೇ ಕಥೆ. ಮೌಸ್ ಹಿಡಿದವರಿಗೆ ಮಾತ್ರ ಕೆಲಸ, ಉಳಿದವರು ಹಿಂದೆ ನಿಂತು 'ಅದು ತೆಗಿ, ಇದು ಹಾಕು' ಅನ್ನುತ್ತಾರೆ. ಜಗಳ ಆಗದೆ ಇನ್ನೇನಾಗುತ್ತದೆ!

ಅರ್ಧ ಗಂಟೆಯನ್ನು ಐದು ಪಾಲು ಮಾಡಿ, ತಲಾ ಆರು ನಿಮಿಷ. ಪ್ರತಿಯೊಬ್ಬರೂ ತಮ್ಮ ಪಾಲನ್ನು ಫೋನಿನಲ್ಲಿ ಕೇಳಿ, ಆ ಹಿರಿಯರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಲಿ. ಪಕ್ಕದಲ್ಲಿ ನಿಮಿಷ, ಸೆಕೆಂಡು ಹಾಕಲಿ. ಬೇಜಾರಿನ ಕೆಲಸ, ನಿಜ. ಆದರೆ ಆಮೇಲೆ ಕಾಗದವನ್ನು ಒಂದೊಂದು ಉತ್ತರಕ್ಕೆ ಒಂದು ಚೀಟಿಯ ಹಾಗೆ ಕತ್ತರಿಸಿ ಮೇಜಿನ ಮೇಲೆ ಹರಡಿದರೆ ಐವರಿಗೂ ಇಡೀ ಸಂದರ್ಶನ ಒಟ್ಟಿಗೆ ಕಾಣುತ್ತದೆ. ಯಾವ ಚೀಟಿ ಮೊದಲು, ಯಾವುದು ಬೇಡ ಅನ್ನುವ ಚರ್ಚೆ ಅಲ್ಲೇ ಮುಗಿಯಲಿ. ಅಸಲಿ ಎಡಿಟ್ ಇದೇ. ನಿಮ್ಮ ಪ್ರಶ್ನೆಯ ದನಿ ತೆಗೆದರೂ ಅರ್ಥವಾಗುವ ಉತ್ತರ ಇದ್ದರೆ ಅದನ್ನೇ ಆರಿಸಿ.

ಇಲ್ಲೊಂದು ಎಚ್ಚರ ಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧ. ಆ ಹಿರಿಯರು 'ಆ ಎರಡು ತಿಂಗಳು ಬೋಟ್ ಹೋಗುವುದಿಲ್ಲ, ಆದರೆ ಬಲೆ ಕೆಲಸ ಆಗಲೇ ಜಾಸ್ತಿ' ಅಂದಿದ್ದಾರೆ ಅಂತಿಟ್ಟುಕೊಳ್ಳಿ. 'ಬೋಟ್ ಹೋಗುವುದಿಲ್ಲ' ಅನ್ನುವಲ್ಲಿಗೆ ಕತ್ತರಿಸಿ ಕೆಳಗೊಂದು ದುಃಖದ ಮ್ಯೂಸಿಕ್ ಹಾಕಿದರೆ ನೋಡುವವರ ಕಣ್ಣು ಒದ್ದೆಯಾಗಬಹುದು. ಆದರೆ ಅದು ಸುಳ್ಳು. ಪ್ರತಿ ಕಟ್ ಆದ ಮೇಲೆ ಅರ್ಥ ಬದಲಾಗಿದೆಯಾ ಅಂತ ನೋಡುವುದನ್ನೇ ಒಬ್ಬರಿಗೆ ವಹಿಸಿ. ಅವರು ಬೇಡ ಅಂದರೆ ಬೇಡ.

ಮಧ್ಯೆ ಮಧ್ಯೆ ಆ ಹಿರಿಯರು ತುಳುವಿಗೆ ಹೊರಳಿದ್ದಾರೆ ಅಂದಿರಿ. ತೆಗೆಯಬೇಡಿ, ಜನ ಸಲೀಸಾಗಿ ಮಾತಾಡುವುದು ಅಲ್ಲೇ ಅಲ್ವಾ? ತುಳು ಬರುವವರು ಕನ್ನಡ ಸಬ್‌ಟೈಟಲ್ ಬರೆಯಲಿ. ಗುಂಪಿನಲ್ಲಿ ತುಳು ಬಾರದ ಘಟ್ಟದ ಮೇಲಿನವರು ಯಾರಾದರೂ ಇದ್ದರೆ ಅವರೇ ಓದಿ ನೋಡಲಿ. ಅವರಿಗೆ ಒಂದೇ ಸಲಕ್ಕೆ ತಿಳಿಯದಿದ್ದರೆ ಸಾಲು ಉದ್ದ ಆಗಿದೆ ಅಂತ ಅರ್ಥ. ಟೈಪ್ ಮಾಡುವಾಗ ಯುನಿಕೋಡ್ ಬಳಸಿ. ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏನೇನೋ ಚಿಹ್ನೆ ಬರುತ್ತದೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಬಳಸುವವರಿದ್ದರೆ, ಅದರಲ್ಲಿ ಒತ್ತಕ್ಷರ ಒಡೆದು ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ ಆರಿಸಿ.

ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಲ್ಯಾಪ್‌ಟಾಪ್ ಎಳೆಯದಿದ್ದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ತುಂಬಾ ಮೊಬೈಲ್‌ಗಳಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಒಂದೇ ಸಮ ಇರುವುದಿಲ್ಲ. ಹಾಗಾಗಿ ಬೇರೆ ರೆಕಾರ್ಡರಿನ ದನಿ ಜೋಡಿಸಿದರೆ ಸ್ವಲ್ಪ ಹೊತ್ತಿಗೆ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ (ಒಂದೇ ಸಮದ) ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ.

ಮಾತು ಕತ್ತರಿಸಿದಲ್ಲಿ ಮುಖ ಜಿಗಿಯುತ್ತದೆ. ಅಲ್ಲಿ ಬಲೆ ಹೊಲಿಯುವ ಕೈಯ ಶಾಟ್ ಹಾಕಿ, ಕೆಳಗೆ ಮಾತು ಮುಂದುವರಿಯಲಿ. ಅಂಥ ಶಾಟ್ ಇಲ್ಲದಿದ್ದರೆ ಮತ್ತೊಮ್ಮೆ ಮಲ್ಪೆಗೆ ಹೋಗಿ, ಉಡುಪಿಯಿಂದ ಏನು ಮಹಾ ದೂರ! ಹಾಗೇ ಯಾರೂ ಮಾತಾಡದೆ ಒಂದು ನಿಮಿಷ ಸುಮ್ನೆ ಬಂದರಿನ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎರಡು ಕಟ್ ನಡುವೆ ಸದ್ದು ಫಕ್ಕನೆ ಸತ್ತಂತಾಗುವುದನ್ನು ಅದು ಮುಚ್ಚುತ್ತದೆ.

ಸಲ್ಲಿಸುವಾಗ ಪೆನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಲಿಂಕ್ ಕೊಡಿ. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಕುಗ್ಗಿಸಿಬಿಡುತ್ತದೆ, ಸಬ್‌ಟೈಟಲ್ ಓದಲಿಕ್ಕಾಗುವುದಿಲ್ಲ.