ಊರೂರು ತಿರುಗಿ ನುಡಿಸುವ ಸಂಗೀತಗಾರರಿಗೆ ಕಛೇರಿ ಇಷ್ಟವೋ, ರೆಕಾರ್ಡಿಂಗೋ? ಹಳೆಯ ಕಾಲವೇ ಚೆನ್ನಾಗಿತ್ತು ಅನ್ನಿಸುತ್ತದೆಯೇ?

ನಾನು ಹಾಡುವವನಲ್ಲ, ಪೇಟಿಯವನು. ಧಾರವಾಡದ ಕಡೆ ಹಾರ್ಮೋನಿಯಂ ಅನ್ನುವವರು ಕಡಿಮೆ, ಪೇಟಿ ಅಂತಲೇ ರೂಢಿ. ಹಿಂದುಸ್ತಾನಿ ಗಾಯಕರಿಗೆ ಸಾಥ್ ಕೊಡುವುದು, ಅಂದರೆ ಪಕ್ಕವಾದ್ಯ ನುಡಿಸುವುದು, ನನ್ನ ಹೊಟ್ಟೆಪಾಡು. ಹಾಗಾಗಿ ಈ ಉತ್ತರ ವೇದಿಕೆಯ ನಡುವಿನಿಂದ ಬರುತ್ತಿಲ್ಲ, ಗಾಯಕರ ಎಡಗಡೆಯಿಂದ ಬರುತ್ತಿದೆ.

ರೆಕಾರ್ಡಿಂಗ್ ಬಂದು ಸಂಗೀತದ ಸೊಗಸು ಹಾಳಾಯಿತು ಅನ್ನುವ ಧಾಟಿ ಪ್ರಶ್ನೆಯ ಜತೆ ನೀವು ಬರೆದ ವಿವರದಲ್ಲಿದೆ. ತುಂಬ ಜನ ಹಾಗೆ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನನ್ನ ಕೆಲಸ ಬದಲಾಗಿದ್ದು ಮೈಕಿನಿಂದ ಅಷ್ಟಾಗಿ ಅಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಹೋಗಿಬರುವ ರೀತಿ ಬದಲಾಯಿತು ನೋಡಿ, ಅದರಿಂದ.

ಗದುಗಿನ ಕಥೆ ನಿಮಗೂ ಗೊತ್ತಿರಬಹುದು. ಭೀಮಸೇನ ಜೋಶಿ ಇನ್ನೂ ಹುಡುಗ. ಅಂಗಡಿಯೊಂದರಲ್ಲಿ ಗ್ರಾಮಫೋನ್ ಹಚ್ಚಿದ್ದರು. ಕಿರಾಣಾ ಘರಾಣೆಯ ದೊಡ್ಡ ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿ. ಆಗಿನ ಪ್ಲೇಟು ಅಂದರೆ ಒಂದು ಬದಿಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಅಷ್ಟು ಕೇಳಿದ್ದೇ ತಡ, ಹುಡುಗನಿಗೆ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ರೈಲಿನಲ್ಲಿ ಹಾಡುತ್ತಾ, ಯಾರೋ ಕೊಟ್ಟದ್ದು ತಿನ್ನುತ್ತಾ ಗ್ವಾಲಿಯರ್, ಜಲಂಧರ್‌ವರೆಗೂ ಹೋದ. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಹುಬ್ಬಳ್ಳಿ ಹತ್ತಿರದ ಕುಂದಗೋಳದಲ್ಲಿ! ಸವಾಯಿ ಗಂಧರ್ವರು. ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಆ ಪ್ಲೇಟು ಇಲ್ಲದಿದ್ದರೆ ಹುಡುಗ ರೈಲು ಹತ್ತುತ್ತಲೇ ಇರಲಿಲ್ಲವೇನೋ. ಇದರಲ್ಲಿ ಹಾಳಾದದ್ದು ಏನು ಹೇಳಿ.

ಖಾನ್ ಸಾಹೇಬರದ್ದೂ ರೈಲಿನ ಬದುಕೇ. ಮನೆ ಮೀರಜದಲ್ಲಿ. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ, ಧಾರವಾಡ, ಕುಂದಗೋಳ. ಅವರು ಹೀಗೆ ನಡುವೆ ಇಳಿದು ತಂಗುತ್ತಿದ್ದುದರಿಂದಲೇ ಕಿರಾಣಾ ಘರಾಣೆಯ ಹಾಡುವ ಶೈಲಿ ನಮ್ಮ ಭಾಗದಲ್ಲಿ ಬೇರು ಬಿಟ್ಟಿತು. ಅವರ ಕೊನೆಯೂ ರೈಲ್ವೆ ಸ್ಟೇಷನ್ನಿನಲ್ಲೇ. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಮೈಗೆ ಹುಷಾರಿಲ್ಲದೆ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲೇ ತೀರಿಕೊಂಡರು.

ಇಳಿದು ತಂಗುವುದು ಅಂದೆನಲ್ಲ, ನನಗೆ ಬೇಕಾದದ್ದು ಅದು.

ನಾನು ಸಾಥ್‌ಗೆ ಹೋಗಲು ಶುರು ಮಾಡಿದಾಗ ಹುಬ್ಬಳ್ಳಿ–ಬೆಂಗಳೂರು ಹಳಿ ಇನ್ನೂ ಮೀಟರ್‌ಗೇಜ್. ರಾತ್ರಿ ಕಛೇರಿ ಮುಗಿಯುವ ಹೊತ್ತಿಗೆ ನಮ್ಮ ಗಾಡಿ ಹೋಗಿಬಿಟ್ಟಿರುತ್ತಿತ್ತು. ಇನ್ನು ಮರುದಿನ ರಾತ್ರಿಯೇ. ಅಲ್ಲಿಯವರೆಗೆ ಮಾಡುವುದೇನು? ಯಾರದೋ ಮನೆಯ ಪಡಸಾಲೆಯಲ್ಲಿ ಹಾಸಿಗೆ. ಬೆಳಗ್ಗೆ ಗಾಯಕರು ಬನಿಯನ್‌ನಲ್ಲೇ ಕೂತು ಚಹಾ ಕುಡಿಯುತ್ತಾ ಹಿಂದಿನ ರಾತ್ರಿ ಬಿಟ್ಟುಹೋದ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಗುನುಗುತ್ತಿದ್ದರು. ನಾನು ಪೇಟಿ ಎಳೆದುಕೊಳ್ಳುತ್ತಿದ್ದೆ. ಊರಿನ ಯಾರೋ ಹಿರಿಯ ತಬಲಜಿ ಸುದ್ದಿ ತಿಳಿದು ಬಂದು ಕೂರುತ್ತಿದ್ದರು. "ಮಾಸ್ತರ, ಒಂದಿನ ಇದ್ದು ಹೋಗ್ರಿ, ನಾಳೆ ನಮ್ಮ ಅಕ್ಕನ ಮನ್ಯಾಗ ಒಂದು ಸಣ್ಣ ಬೈಠಕ್ ಮಾಡೋಣು" ಅನ್ನುವವರು ಪ್ರತಿ ಊರಲ್ಲೂ ಇರುತ್ತಿದ್ದರು. ಇದ್ದುಬಿಡುತ್ತಿದ್ದೆವು. ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ಆ ಖಾಲಿ ಹೊತ್ತಿನಲ್ಲಿ. ವೇದಿಕೆಯ ಮೇಲೆ ಕಲಿಯಲು ಎಲ್ಲಿ ಪುರುಸೊತ್ತು?

ಹಿಂದಿನವರು ಇದನ್ನೇ ಶಾಲೆ ಮಾಡಿಕೊಂಡಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಮೊದಲು ನಡೆಸಿದ್ದು ಸಂಚಾರಿ ಸಂಗೀತ ಶಾಲೆ. ಶಿಷ್ಯರನ್ನೂ ವಾದ್ಯಗಳನ್ನೂ ಕಟ್ಟಿಕೊಂಡು ಊರೂರು. ಕಣ್ಣು ಕಾಣದ ಗುರು, ಕಣ್ಣು ಕಾಣದ ಎಷ್ಟೋ ಮಕ್ಕಳು. ಗದುಗಿನಲ್ಲಿ ನೆಲೆ ನಿಂತದ್ದು ಆಮೇಲೆ.

ಈಗ? ಮಧ್ಯಾಹ್ನ ವಿಮಾನ, ಸಂಜೆ ಸೌಂಡ್ ಚೆಕ್, ರಾತ್ರಿ ಕಛೇರಿ, ಹೋಟೆಲ್ ರೂಮು, ಬೆಳಗಿನ ಜಾವ ಟ್ಯಾಕ್ಸಿ. ಗಾಯಕರನ್ನು ಮೊದಲ ಸಲ ನೋಡುವುದು ಗ್ರೀನ್‌ರೂಮಿನಲ್ಲಿ. "ಕಪ್ಪು ಒಂದಾ ಸರ್?" "ಹೌದು, ಸ್ವಲ್ಪ ಏರು." ಅಂದರೆ ಪೇಟಿಯ ಮೊದಲ ಕಪ್ಪು ಮನೆ (ಕೀ) ಅವರ ಷಡ್ಜ, ಹಾಡಿಗೆ ಆಧಾರವಾದ ಸ ಸ್ವರ. ಪರಿಚಯ ಮುಗಿಯಿತು. ಕಛೇರಿ ಕೆಟ್ಟದಾಗಿರುತ್ತದೆ ಅಂತಲ್ಲ. ಈಗಿನ ಹುಡುಗರ ತಯಾರಿ ನೋಡಿದರೆ ಬೆರಗಾಗುತ್ತದೆ. ಆದರೆ ಅವರ ಜತೆ ಒಂದು ಊಟ ಕೂಡ ಮಾಡಿರುವುದಿಲ್ಲ. ಅವರು ಗಾಂಧಾರದ, ಅಂದರೆ ಸರಿಗಮದ ಗ ಸ್ವರದ, ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಗಾಂಧಾರದ ಮಾತು ಬಂತಲ್ಲ, ಸ್ವಲ್ಪ ತಾಂತ್ರಿಕ ವಿಷಯ ಹೇಳಿಬಿಡುತ್ತೇನೆ. ಬೇಡವಾದರೆ ಈ ಭಾಗ ಬಿಟ್ಟು ಓದಿ. ತಂಬೂರಿಯನ್ನು ಚೆನ್ನಾಗಿ ಸೇರಿಸಿ ಮೀಟಿದರೆ ತಂತಿಯಿಂದ ತಾನಾಗಿ ಒಂದು ಗಾಂಧಾರ ಕೇಳುತ್ತದೆ. ಪೇಟಿಯ ಗಾಂಧಾರ ಅದಕ್ಕಿಂತ ಕೂದಲೆಳೆಯಷ್ಟು ಏರು. ಕಾರಣ ಇದು: ಪೇಟಿಯಲ್ಲಿ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಯಾವ ಮನೆಯಿಂದ ಷಡ್ಜ ಹಿಡಿದರೂ ನಡೆಯಲಿ ಅಂತ. ಒಳಗೆ ಸ್ವರ ಹೊಮ್ಮಿಸುವ ರೀಡುಗಳನ್ನು ತಿದ್ದಿಸಿ ತಂಬೂರಿಯ ಸ್ವರಕ್ಕೆ ಹೊಂದಿಸಬಹುದು. ಕೇಳಲು ಬಲು ಚೆಂದ. ಆದರೆ ಆ ಪೇಟಿ ಒಂದೇ ಷಡ್ಜಕ್ಕೆ ಮೀಸಲು. ಇವತ್ತು ಕಪ್ಪು ಒಂದರ ಗಾಯಕ, ನಾಳೆ ಕಪ್ಪು ಐದರ ಗಾಯಕಿ ಅಂದರೆ ಎರಡು ಪೇಟಿ ಬೇಕು. ವಿಮಾನದಲ್ಲಿ ಒಂದನ್ನು ಒಯ್ಯುವುದೇ ಸಾಕುಸಾಕಾಗುತ್ತದೆ. ಹಾಗಾಗಿ ತಿರುಗಾಡುವ ಪೇಟಿಯವನು ಸಮಪಾಲಿನ ಶ್ರುತಿಗೇ ಅಂಟಿಕೊಳ್ಳುತ್ತಾನೆ. ಹಾಲ್‌ನಲ್ಲಿ ಆ ವ್ಯತ್ಯಾಸ ಜನರ ನಡುವೆ ಕರಗಿಹೋಗುತ್ತದೆ. ಸ್ಟುಡಿಯೋದಲ್ಲಿ ಮೈಕು ಅರ್ಧ ಅಡಿ ದೂರದಲ್ಲಿರುತ್ತದೆ, ಕರಗುವುದಿಲ್ಲ. ಸಾಥ್‌ನಲ್ಲಿ ನಾನು ಗಾಂಧಾರದ ಮೇಲೆ ಬೆರಳು ಬೇಗ ಎತ್ತುತ್ತೇನೆ. ನನ್ನ ಶೈಲಿ ಅಂತ ಕೆಲವರು ಹೊಗಳಿದ್ದಾರೆ. ಶೈಲಿ ಏನೂ ಇಲ್ಲ, ಶ್ರುತಿ ಕಾಪಾಡಿಕೊಳ್ಳುವ ಉಪಾಯ ಅಷ್ಟೇ.

ಈ ಶ್ರುತಿ ತಕರಾರಿಗೆ ನಮ್ಮವರು ದೊಡ್ಡ ದಂಡ ತೆತ್ತಿದ್ದಾರೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿ ಕೂಡುವುದಿಲ್ಲ, ಮೇಲಾಗಿ ಪರದೇಶಿ ವಾದ್ಯ ಅಂತ ಕಾರಣ. 1971ರವರೆಗೂ ಬಾಗಿಲು ತೆರೆಯಲಿಲ್ಲ. 1950ರಲ್ಲಿ ಧಾರವಾಡ ನಿಲಯ ಶುರುವಾಯಿತು. ಊರಲ್ಲಿ, ಸುತ್ತಮುತ್ತ ಇಷ್ಟೊಂದು ಗಾಯಕರು, ಅವರಿಗೆ ಬೈಠಕ್ಕಿನಲ್ಲಿ ಸಾಥ್ ಕೊಡುವ ಪೇಟಿಯವರು ಮಾತ್ರ ಸ್ಟುಡಿಯೋದ ಹೊರಗೆ. ಬೆಳಗಾವಿಯ ಪೇಟಿ ವಾದಕ ರಾಮಭಾವು ಬಿಜಾಪುರೆ ಹುಟ್ಟಿದ್ದು 1917ರಲ್ಲಿ. ಅಂಥ ದೊಡ್ಡ ಕೈ! ನಿಷೇಧ ಬಂದಾಗ ಅವರಿಗೆ ಇಪ್ಪತ್ಮೂರು, ಸಡಿಲವಾದಾಗ ಐವತ್ತು ದಾಟಿತ್ತು. ಲೆಕ್ಕ ಹಾಕಿ ನೋಡಿ.

ಹಳೆಯ ಕಾಲವೇ ಚೆನ್ನಾಗಿತ್ತೇ ಅನ್ನುವ ನಿಮ್ಮ ಎರಡನೇ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಹೇಳಬೇಕು. ರಸಿಕರು ನನ್ನ ಹತ್ತಿರ ಬಂದು ಹೇಳುವುದುಂಟು, "ಹಳೇ ಕಾಲದಲ್ಲಿ ಗಾಯನಕ್ಕೆ ಸಾರಂಗಿ ಇತ್ತು, ಏನು ಸುಖ! ಈ ಪೇಟಿ ಆಮೇಲೆ ಬಂದದ್ದು" ಅಂತ. ಅವರು ಕೇಳಿರುವುದು ರೇಡಿಯೋದ ಹಳೆಯ ಟೇಪು. ಆ ಮೂವತ್ತು ವರ್ಷದ ಟೇಪುಗಳಲ್ಲಿ ಪೇಟಿ ಇರಲು ಸಾಧ್ಯವೇ ಇರಲಿಲ್ಲ. ಅದೇ ಗಾಯಕರು ಅದೇ ವಾರ ಯಾರದೋ ವಾಡೆಯಲ್ಲಿ (ಹಳೆಯ ದೊಡ್ಡ ಮನೆಯಲ್ಲಿ) ಪೇಟಿ ಇಟ್ಟುಕೊಂಡೇ ಹಾಡಿರುತ್ತಿದ್ದರು. ನಾವು ಹಳೆಯ ಕಾಲ ಅನ್ನುವುದು ರೆಕಾರ್ಡಿಂಗ್ ಒಳಗೆ ಬಿಟ್ಟುಕೊಂಡಷ್ಟನ್ನು ಮಾತ್ರ. ಸಾರಂಗಿಗೆ ನಾನು ಕೈ ಮುಗಿಯುತ್ತೇನೆ, ಅದು ಬೇರೆ ಮಾತು.

ಹೆಸರಿನ ಕಥೆಯೂ ಹೀಗೇ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಅನ್ನುವ ಹೆಸರಲ್ಲಿ ಬಂದವು. ಅವರಿಗೆ ಬೇರೆ ಹೆಸರಾದರೂ ಇತ್ತು. ಹಿಂದೆ ಕೂತು ಸಾಥ್ ಕೊಟ್ಟವರಿಗೆ ಎಷ್ಟೋ ಪ್ಲೇಟಿನ ಮೇಲೆ ಹೆಸರೇ ಇಲ್ಲ. ಹಳೆಯ ಕಾಲ ಅಂದ ಕೂಡಲೇ ನಾನು ಕರಗಿಹೋಗದಿರಲು ಇದೊಂದು ಕಾರಣ. ಇನ್ನೊಂದು ದುಡ್ಡು. ಶಾಲು, ತೆಂಗಿನಕಾಯಿ, ಬಸ್ ಚಾರ್ಜು ಕೊಟ್ಟು ಕೈ ಮುಗಿದ ಸಂಘಟಕರು ಕಡಿಮೆಯೇನಲ್ಲ. ಈಗ ಮುಂಗಡ ಬ್ಯಾಂಕಿಗೆ ಬರುತ್ತದೆ. ಅದನ್ನು ಬಿಟ್ಟುಕೊಡಲು ನಾನಂತೂ ತಯಾರಿಲ್ಲ.

ರೆಕಾರ್ಡಿಂಗ್ ಇಷ್ಟವೋ ಅಂದಿರಿ. ಎಂಥ ರೆಕಾರ್ಡಿಂಗ್ ಅನ್ನುವುದರ ಮೇಲೆ ಹೋಗುತ್ತದೆ. ವಚನ, ದಾಸರ ಪದಗಳ ಆಲ್ಬಂ ಕೆಲಸ ಸಿಗುತ್ತಿರುತ್ತದೆ. ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನ್, ಲಯ ತೋರಿಸಲು ಟಕ್ ಟಕ್ ಅನ್ನುವ ಕ್ಲಿಕ್. ಗಾಯಕಿ ಬರುವುದು ಮುಂದಿನ ವಾರ. ಅವರು ಉಸಿರು ತೆಗೆದುಕೊಳ್ಳುವ ಜಾಗ ನಾನು ಊಹಿಸಿ ತುಂಬಬೇಕು. ತಿದಿಯ ಗಾಳಿ ಸದ್ದು, ಪೇಟಿಯ ಮನೆಗಳ ಮರದ ಟಪಟಪ ಎಲ್ಲ ಮೈಕಿಗೆ ಬೀಳುತ್ತದೆ. ಹಾಗಾಗಿ ಕೈ ಹಗುರ ಇಟ್ಟು, ಅರ್ಧ ಜೀವದಿಂದ ನುಡಿಸುವುದು. ಮನೆ ಬಾಡಿಗೆಗೆ ಆಗುತ್ತದೆ. ಅದರ ಬಗ್ಗೆ ಇನ್ನೇನು ಹೇಳಲಿ.

ನನಗೆ ಪ್ರಾಣ ಅಂದರೆ ಮನೆಮನೆಯ ಕ್ಯಾಸೆಟ್. ಯಾರೋ ರಸಿಕರು ಬೈಠಕ್ಕಿಗೆ ಟೇಪ್‌ರೆಕಾರ್ಡರ್ ತಂದು ಗಾಯಕರ ಮುಂದೆ ಇಟ್ಟು ಮಾಡಿಕೊಂಡವು. ತೊಂಬತ್ತು ನಿಮಿಷದ ಕ್ಯಾಸೆಟ್, ಬದಿಗೆ ನಲವತ್ತೈದು. ಸರಿಯಾಗಿ ದ್ರುತ್ (ವೇಗದ ಭಾಗ) ಶುರುವಾಗಿ ತಾನ್ (ಸ್ವರಗಳ ಓಟ) ಮೇಲೇರುವಾಗ ಟಕ್ ಅಂತ ನಿಲ್ಲುತ್ತದೆ. ಬದಿ ತಿರುಗಿಸುವಷ್ಟರಲ್ಲಿ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬಂದುಹೋಗಿರುತ್ತದೆ. ಕೆಮ್ಮು, ಬಾಗಿಲ ಕಿರ್ರ್, "ಕ್ಯಾ ಬಾತ್ ಹೈ", ಚಹಾ ಕಪ್ಪಿನ ಸದ್ದು ಎಲ್ಲ ಇರುತ್ತದೆ. ಪೇಟಿಯೂ ಇರುತ್ತದೆ! ಗಾಯಕರು ತಡವರಿಸಿದಾಗ ಪೇಟಿಯವರು ಸ್ವರ ಹಿಡಿದುಕೊಟ್ಟದ್ದು, ಅವರು ನಕ್ಕು "ಜೀತೇ ರಹೋ" ಅಂದದ್ದು, ಇದು ಕಂಪನಿಯ ಪ್ಲೇಟಿನಲ್ಲಿ ಸಿಗುತ್ತದೆಯೇ? ಇಂಥ ಕ್ಯಾಸೆಟ್ಟುಗಳು ನಮ್ಮ ಭಾಗದ ಅಟ್ಟಗಳಲ್ಲಿ ಫಂಗಸ್ ಹಿಡಿದು ಬಿದ್ದಿವೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಹಳೆಯ ಪ್ಲೇಯರಿಗೆ ಹಾಕಿ ಓಡಿಸಲೂ ಹೋಗಬೇಡಿ, ಟೇಪು ಸುತ್ತಿಕೊಂಡು ಹರಿಯುತ್ತದೆ. ಗೊತ್ತಿರುವವರ ಹತ್ತಿರ ಸ್ವಚ್ಛ ಮಾಡಿಸಿ ಡಿಜಿಟಲ್ ಮಾಡಿಸಿ.

ಒಂದು ತಮಾಷೆ ಹೇಳಬೇಕು. ನಾನು ಕಳೆದುಹೋಯಿತು ಅಂದುಕೊಂಡಿದ್ದ ಆ ಖಾಲಿ ಹೊತ್ತು ನನಗೆ ಮತ್ತೆ ಸಿಕ್ಕಿದ್ದು ಅಮೆರಿಕದಲ್ಲಿ. ಅಲ್ಲಿ ಕನ್ನಡದವರ ಕಾರ್ಯಕ್ರಮ ಇರುವುದು ಶನಿವಾರ, ಭಾನುವಾರ. ಸೋಮವಾರದಿಂದ ಶುಕ್ರವಾರ ಎಲ್ಲರೂ ಕೆಲಸಕ್ಕೆ. ಹೋಟೆಲ್ ಖರ್ಚು ಯಾರಿಗೂ ಆಗುವುದಿಲ್ಲ, ಹಾಗಾಗಿ ಯಾರದೋ ಮನೆಯಲ್ಲೇ ವಾಸ. ಮನೆಯವರು ಆಫೀಸಿಗೆ ಹೋದ ಮೇಲೆ ಗಾಯಕರು, ತಬಲಜಿ, ನಾನು. ನೆಲಮಾಳಿಗೆಯಲ್ಲಿ ಕಾರ್ಪೆಟ್ ಮೇಲೆ ಕೂತು ಇಡೀ ಹಗಲು ಮುಲ್ತಾನಿ ರಾಗವೋ ಭೀಮಪಲಾಸವೋ. ಸಂಜೆ ಮನೆಯೊಡತಿ ಬಂದು, "ಅಣ್ಣಾ, ಅವಲಕ್ಕಿ ಕಲಸಲಾ?" ಚಳಿಗಾಲದಲ್ಲಿ ಅವರ ಹೀಟರಿನ ಒಣಗಾಳಿಗೆ ಪೇಟಿಯ ಮರ ಕುಗ್ಗಿ ಗಾಳಿ ಸೋರತೊಡಗುತ್ತದೆ. ನಮ್ಮ ಕರಾವಳಿಯಲ್ಲಿ ಇದರ ಉಲ್ಟಾ, ಮಳೆಗಾಲದಲ್ಲಿ ಮರ ಉಬ್ಬಿ ಪೇಟಿಯ ಮನೆಗಳು ಮೇಲೇಳುವುದಿಲ್ಲ. ಅದಿರಲಿ. ಆ ವಾರಗಳಲ್ಲಿ ನಾವು ಮೂವರೂ ಚೆನ್ನಾಗಿ ನುಡಿಸಿದೆವು, ಭಾನುವಾರದ ಹೊತ್ತಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಅಂದರೆ ಬೇಕಾಗಿದ್ದದ್ದು ಹಳೆಯ ಕಾಲ ಅಲ್ಲ, ಜತೆಯಲ್ಲಿ ಸುಮ್ನೆ ಇರಲು ಮೂರ್ನಾಲ್ಕು ದಿನ. ಈಗ ಊರಿನಲ್ಲೂ ಗೊತ್ತಿರುವ ಸಂಘಟಕರಿಗೆ ಇದನ್ನೇ ಕೇಳುತ್ತೇನೆ: ಹೋಟೆಲ್ ಬೇಡ, ಒಂದು ದಿನ ಮೊದಲೇ ಕರೆಸಿ, ಯಾರದಾದರೂ ಮನೆ ಕೊಡಿ. ಅರ್ಧಕ್ಕರ್ಧ ಜನ ಒಪ್ಪುತ್ತಾರೆ. ವಿಮಾನದ ಬದಲು ರಾತ್ರಿ ರೈಲು ಅಂದರೆ ಅವರಿಗೂ ಖರ್ಚು ಉಳಿಯುತ್ತದೆ, ಅಲ್ವಾ?

ನೀವು ಪೇಟಿ ಕಲಿಯುತ್ತಿದ್ದೀರಿ, ಹಳೆಯ ರೆಕಾರ್ಡ್ ಕೇಳಬೇಕೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕೇಳಿ. ಮೂರು ನಿಮಿಷದ ಪ್ಲೇಟುಗಳಿಂದ ಶುರು ಮಾಡಿ. ಮೊದಲ ಅರ್ಧ ನಿಮಿಷದೊಳಗೆ ರಾಗದ ಮುಖ ಹೇಗೆ ತೋರಿಸುತ್ತಾರೆ ಗಮನಿಸಿ. ಎರಡನೇ ಸಲ ಗಾಯಕರನ್ನು ಬಿಟ್ಟು ಹಿಂದೆ ಸಾಥ್ ಕೊಡುವವರನ್ನು ಮಾತ್ರ ಕೇಳಿ. ಅವರು ಎಲ್ಲಿ ಸುಮ್ಮನಾಗುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತೋತ್ಸವ ನಡೆಯುತ್ತದೆ. ಒಂದು ಸಲ ಬನ್ನಿ. ಎಡಗಡೆ ಜಾಗ ಹಿಡಿದು ಕೂರಿ, ಪೇಟಿಯವರ ಕೈ ಕಾಣುತ್ತದೆ. ರಾತ್ರಿಗೆ ಹೊದೆಯಲು ಏನಾದರೂ ತನ್ನಿ.