ಕಸ ಆಚೆ ಹಾಕು ಅಂತೀವಲ್ಲ, ಆಚೆ ಅಂದರೆ ಎಲ್ಲಿ?

ಬನಶಂಕರಿಯಿಂದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಮದುವೆಯಾಗಿ ಏಳು ತಿಂಗಳು. ಗಂಡ ಒಳ್ಳೆಯವರು, ಜಗಳ ಬರುವುದು ಕಸಕ್ಕೆ ಮಾತ್ರ. ಇಬ್ಬರೂ ಎಂಟಕ್ಕೇ ಕೆಲಸಕ್ಕೆ ಹೊರಡುತ್ತಾರೆ, ಕಸದ ಆಟೋ ಬರುವುದು ಒಂಬತ್ತರ ಮೇಲೆ. ಹಾಗಾಗಿ ಗಂಡ ರಾತ್ರಿ ಸ್ಕೂಟರಿನಲ್ಲಿ ಹೋಗಿ ಕವರನ್ನು ಪಾರ್ಕಿನ ಮೂಲೆಗೆ ಹಾಕಿ ಬರುತ್ತಾರೆ. ಹೋದ ತಿಂಗಳು ನಂದಿ ಬೆಟ್ಟದಿಂದ ಇಳಿಯುವಾಗ ಅವರು ಕಾರಿನ ಕಿಟಕಿಯಿಂದ ಚಿಪ್ಸ್ ಪ್ಯಾಕೆಟ್ ಎಸೆದರು, ಇವರು ಹಠ ಹಿಡಿದು ಕಾರು ನಿಲ್ಲಿಸಿ, ಇಳಿದು ಹೋಗಿ ಎತ್ತಿಕೊಂಡು ಬಂದರು, ಹೆಬ್ಬಾಳ ದಾಟುವವರೆಗೂ ಇಬ್ಬರಿಗೂ ಮಾತಿಲ್ಲ. ಅತ್ತೆ 'ಕಸಕ್ಕೆಲ್ಲಾ ಯಾರಾದರೂ ಮುನಿಸಿಕೊಳ್ತಾರಾ' ಎಂದರಂತೆ. 'ನಾನು ಸುಮ್ನೆ ಇದ್ದುಬಿಡಬೇಕಾ ಮೇಡಂ?' ಎನ್ನುವುದು ಪ್ರಶ್ನೆ. ತೆಂಗಿನ ಚಿಪ್ಪನ್ನು ಏನು ಮಾಡುವುದು ಎಂದೂ ಕೊನೆಯಲ್ಲಿ ಕೇಳಿದ್ದಾರೆ.

ಸುಮ್ನಿರಬೇಡಿ ತಾಯಿ. ಇದು ಸಣ್ಣ ವಿಷಯ ಅಲ್ಲ. ಹೊಸ ಸಂಸಾರದಲ್ಲಿ ಮೊದಲ ವರ್ಷ ಏನು ರೂಢಿಯಾಗುತ್ತದೋ ಅದೇ ಮುಂದೆ ಮನೆಯ ಪದ್ಧತಿ ಆಗಿಬಿಡುತ್ತದೆ. ಹಾಲು ಯಾರು ಕಾಯಿಸುವುದು, ಚಿಲಕ ಯಾರು ಹಾಕುವುದು, ಕಸ ಎಲ್ಲಿಗೆ ಹೋಗುವುದು, ಎಲ್ಲಾ.

ನಿಮ್ಮ ಗಂಡನ ತಪ್ಪು ಅವರೊಬ್ಬರದೇ ಅಲ್ಲ. ನಾವೆಲ್ಲ ಬೆಳೆದದ್ದೇ 'ಕಸ ಆಚೆ ಹಾಕು' ಎನ್ನುವ ಮಾತು ಕೇಳಿಕೊಂಡು. ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು ಅಂದವಾಗಿ ರಂಗೋಲಿ ಇಡುತ್ತೇವೆ, ಗುಡಿಸಿದ ಕಸವನ್ನು ಎರಡು ಅಡಿ ಮುಂದೆ ರಸ್ತೆಗೆ ತಳ್ಳುತ್ತೇವೆ. ಮನೆ ಮುಗಿದಲ್ಲಿ ಆಚೆ ಶುರು. ಆ ಆಚೆ ಯಾರದು ಎಂದು ಯಾರೂ ಕೇಳುವುದಿಲ್ಲ. ಇಡೀ ಬೆಂಗಳೂರಿಗೆ ಎಷ್ಟೋ ವರ್ಷ ನಗರದ ಹೊರಗಿನ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರುಗಳೇ ಆಚೆ ಆಗಿದ್ದವು, ನಮ್ಮ ಕಸದ ಲಾರಿಗಳು ಅಲ್ಲಿಗೇ ಹೋಗಿ ಸುರಿಯುತ್ತಿದ್ದವು. ಅಲ್ಲಿಯವರಿಗೆ ಅದು ಅವರ ಊರು, ಅವರ ಬಾವಿ ನೀರು, ಅವರ ಮಕ್ಕಳು ಓಡಾಡುವ ದಾರಿ. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ನಮ್ಮ ಬೀದಿಬೀದಿಯಲ್ಲಿ ರಾಶಿ ಬಿದ್ದದ್ದು ನೆನಪಿದೆ, ಮೂಗು ಮುಚ್ಚಿಕೊಂಡೇ ಓಡಾಡಿದೆವು. ಮಂಡೂರಿನವರು ರಸ್ತೆಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಡಬ್ಬಿ, ಒಂದು ಚೀಲ ಎಂದು ಆದೇಶ ಕೊಟ್ಟಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪಿಗೆ ಪ್ಯಾಡು, ಡಯಾಪರು, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ.

ಈಗ ನನ್ನ ಮಾತು ಸ್ವಲ್ಪ. ನನ್ನ ಮದುವೆಯಾದದ್ದು 1996ರಲ್ಲಿ. ಶ್ರೀನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆಗ ಕಸದ ಆಟೋ ಎಲ್ಲಿತ್ತು, ಬೀದಿ ಕೊನೆಗೊಂದು ಸಿಮೆಂಟಿನ ತೊಟ್ಟಿ, ಅಷ್ಟೇ. ಒಂದು ದಿನ ಉಪ್ಪಿನಕಾಯಿ ಸೀಸೆ ಕೈ ಜಾರಿ ಒಡೆಯಿತು. ಗಾಜಿನ ಚೂರುಗಳನ್ನು ರಾತ್ರಿಯ ಉಳಿದ ಅನ್ನದ ಜೊತೆಗೇ ಕವರಿಗೆ ತುಂಬಿ, ಬಿಗಿಯಾಗಿ ಗಂಟು ಹಾಕಿ ತೊಟ್ಟಿಗೆ ಹಾಕಿ ಬಂದೆ. ಅರ್ಧ ಗಂಟೆಗೆ ಹೊರಗೆ ಕೂಗಾಟ. ದಿನಾ ಬಂದು ತೊಟ್ಟಿ ಕೆದಕಿ ಕಾಗದ, ತಗಡು ಆರಿಸಿಕೊಳ್ಳುತ್ತಿದ್ದ ಹೆಂಗಸು ಅಂಗೈ ಹಿಡಿದುಕೊಂಡು ಕಟ್ಟೆ ಮೇಲೆ ಕೂತಿದ್ದಳು. ಗಂಟು ಬಿಚ್ಚಲು ಬಾರದೆ ಕವರನ್ನು ಹರಿದಿದ್ದಳು. ಹೆಬ್ಬೆರಳಿನ ಬುಡದಿಂದ ರಕ್ತ, ಅದಕ್ಕೆ ಅಂಟಿಕೊಂಡ ಅನ್ನದ ಅಗುಳು. ನನ್ನ ಯಜಮಾನರು ಬಿಂದಿಗೆ ನೀರು ತಂದು ಆ ಕೈ ತೊಳೆದರು, ತಮ್ಮ ಕರ್ಚೀಫು ಕಟ್ಟಿದರು, ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮನೆಗೆ ಬಂದ ಮೇಲೆ ನನಗೆ ಒಂದೇ ಒಂದು ಮಾತು ಅನ್ನಲಿಲ್ಲ. ಸಂಜೆ ಇನ್ನೊಂದು ಬಕೆಟ್ಟು ತಂದು ಅಡುಗೆಮನೆಯಲ್ಲಿಟ್ಟರು. ಅವರು ಅವತ್ತು ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಆಡದೇ ಇದ್ದದ್ದಕ್ಕೆ ಇವತ್ತಿಗೂ ಆ ಅಂಗೈ ನನ್ನ ಕಣ್ಣ ಮುಂದಿದೆ.

ಅದಕ್ಕೇ ಹೇಳುವುದು, ಬಿಡಬೇಡಿ, ಆದರೆ ಕಾರಿನೊಳಗೆ, ಅತ್ತೆಯ ಎದುರಿಗೆ ಬೇಡ. ಒಂದು ರಜಾ ದಿನ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಗೇಟಿನ ಹತ್ತಿರ ನಿಂತುಕೊಳ್ಳಿ. ಆಟೋದಲ್ಲಿ ನಿಂತವರು ಬೆರೆಸಿ ತಂದ ಕವರನ್ನು ಹೇಗೆ ಬರಿಗೈಯಲ್ಲಿ ಬಿಡಿಸುತ್ತಾರೆ ಎಂದು ನಿಮ್ಮ ಯಜಮಾನರೇ ನೋಡಲಿ.

ಸಮಯದ ತೊಂದರೆ ಮಾತ್ರ ನಿಜವಾದದ್ದು, ಅದನ್ನು ನೆಪ ಅನ್ನಬೇಡಿ. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ, ಹೆಚ್ಚು ವಾಸನೆ ಬರುವುದೂ ಅದರಿಂದಲೇ. ಅದು ಮನೆಯಲ್ಲೇ ಗೊಬ್ಬರವಾದರೆ ರಾತ್ರಿ ಸ್ಕೂಟರ್ ಹತ್ತುವ ಕೆಲಸವೇ ಇಲ್ಲ. ಸುತ್ತ ತೂತಿರುವ ಮಣ್ಣಿನ ಮಡಕೆ ಬಾಲ್ಕನಿಯಲ್ಲಿಡಿ. ತರಕಾರಿ ಸಿಪ್ಪೆ, ಸೋಸಿದ ಟೀ ಪುಡಿ, ಪೂಜೆಯ ಹೂವು ಹಾಕಿದ ಮೇಲೆ ಪ್ರತಿ ಸಲ ಒಂದು ಹಿಡಿ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ. ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಗ ಕೊಳೆಯುತ್ತದೆ. ನಾತ ಬಂತು ಅಂದರೆ ನೀರು ಜಾಸ್ತಿ ಆಗಿದೆ ಎಂದರ್ಥ, ಇನ್ನಷ್ಟು ಒಣಗಿದ ಎಲೆ ಹಾಕಿ ಕೆದಕಿ. ಎರಡು ತಿಂಗಳ ಮೇಲೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಆಗ ನಿಮ್ಮ ಯಜಮಾನರನ್ನೇ ಕರೆದು ಮೂಸಲು ಹೇಳಿ. ಒಣ ಕಸ ತೊಳೆದು ಒಣಗಿಸಿ ಚೀಲದಲ್ಲಿಟ್ಟರೆ ವಾರ ಇದ್ದರೂ ಏನೂ ಆಗುವುದಿಲ್ಲ. ಕೆಂಪು ಡಬ್ಬಿಯದನ್ನು ಪೇಪರಿನಲ್ಲಿ ಸುತ್ತಿ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿ, ಅವರು ಊರಿಗೆ ಹೋದಾಗ ನೀವು ಅವರ ಗಿಡಕ್ಕೆ ನೀರು ಹಾಕಿ.

ಚಿಪ್ಸ್ ಪ್ಯಾಕೆಟ್ ಬಗ್ಗೆ ಒಂದು ವಿಷಯ ಅವರಿಗೆ ಗೊತ್ತಿರಲಿಕ್ಕಿಲ್ಲ. ಒಳಗಡೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದ ಲೋಹದ ತೆಳು ಪದರ. ಎರಡನ್ನೂ ಬೇರೆ ಮಾಡುವುದು ಬಹಳ ಕಷ್ಟ, ಅದಕ್ಕೇ ಗುಜರಿಯವರೂ ಮುಟ್ಟುವುದಿಲ್ಲ. ಬೆಟ್ಟದ ತಿರುವಿನಲ್ಲಿ ಬಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರಬಹುದು. ನೀವು ಇಳಿದು ಎತ್ತಿಕೊಂಡು ಬಂದದ್ದು ನನಗೆ ತುಂಬಾ ಇಷ್ಟವಾಯಿತು. ಕಾರಿನ ಬಾಗಿಲಿಗೊಂದು ಬಟ್ಟೆ ಚೀಲ ನೇತು ಹಾಕಿ, ಅದನ್ನು ಮನೆಗೆ ಬಂದು ಖಾಲಿ ಮಾಡುವ ಕೆಲಸ ಅವರದಾಗಲಿ.

ಇನ್ನು ತೆಂಗಿನ ಚಿಪ್ಪು. ಮಡಕೆಗೆ ಹಾಕಬೇಡಿ, ವರ್ಷವಾದರೂ ಕರಗುವುದಿಲ್ಲ. ಬಿಸಿಲಿಗೆ ಒಣಗಿಸಿ ಒಂದು ಗೋಣಿಚೀಲದಲ್ಲಿ ತುಂಬಿಸುತ್ತಾ ಹೋಗಿ. ಅತ್ತೆಯವರ ಊರಲ್ಲಿ ಇನ್ನೂ ಬಚ್ಚಲ ಒಲೆ ಉರಿಯುತ್ತಿದ್ದರೆ, ಹಬ್ಬಕ್ಕೆ ಹೋಗುವಾಗ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ. ಹಂಡೆ ನೀರು ಕಾಯಲು ಅದರಷ್ಟು ಒಳ್ಳೆಯ ಸೌದೆ ಇನ್ನೊಂದಿಲ್ಲ ಎಂದು ಅವರೇ ಹೇಳುತ್ತಾರೆ.