ಚಾ ಅಂಗಡಿ ಯಾಕ ಬದಲ ಮಾಡ್ದಿ, ತಮ್ಮಾ?

ಈ ವಾರದ ಪತ್ರಗಳಾಗ ಒಂದನ್ನ ಓದಿ ಬಾಜೂಕ ಇಟ್ಟಿದ್ದೆ, ಯಾಕಂದ್ರ ಭಾಳ ಸಿಟ್ಟು ಬಂದಿತ್ತು, ಸಿಟ್ಟಿನಾಗ ಬರದ್ರ ಸಂಪಾದಕರು ಅರ್ಧ ಕತ್ತರಿ ಹಾಕ್ತಾರ. ಈಗ ಸ್ವಲ್ಪ ಇಳದದ, ಪೂರ್ತಿ ಇಳದಿಲ್ಲ. ಸಿಟ್ಟು ಬರದವನ ಮ್ಯಾಲ ಅಷ್ಟ ಅಲ್ಲ, ಪತ್ರದಾಗ ಬರೋ ಇನ್ನೊಬ್ಬರ ಮ್ಯಾಲ ಜಾಸ್ತಿ, ಅವರ ಸುದ್ದಿಗೆ ಆಮ್ಯಾಲ ಬರ್ತೀನಿ.

ಬರದವ ಕಲಬುರಗಿಯವ. ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ದಾಲ್ ಮಿಲ್ಲಿನ ಲೆಕ್ಕ ನೋಡ್ಕೋತಾನ, ವಯಸ್ಸು 38, ಹೆಂಡ್ತಿ, ಎರಡು ಮಕ್ಕಳು, ಸಿಗರೇಟು ಕಾಲೇಜಿನಿಂದ ಹಿಡದದ್ದು. ತೊಗರಿ ಸೀಸನ್ ಬಂತಂದ್ರ ರಾತ್ರಿಯೆಲ್ಲಾ ಗಾಡಿ ಬರ್ತಾವ, ತೂಕ, ಬಿಲ್ಲು, ಧೂಳಿ, ಅಂಥಾ ಟೈಮಿನಾಗ ದಿನಕ್ಕ ಎರಡು ಪಾಕೀಟು ಹೋಗ್ತಿತ್ತಂತ. ಮುಂಜಾನಿ ಅಪ್ಪನ ಕೆರಿ ಸುತ್ತ ವಾಕಿಂಗ್ ಮಾಡೋವಾಗ ಇವನಂಗ ಬಿಡಬೇಕನ್ನೋರು ನಾಕು ಮಂದಿ ಪರಿಚಯ ಆದ್ರು. ಒಬ್ಬರು ರಿಟೈರ್ಡ್ ಮಾಸ್ತರ್ರು, ಒಬ್ಬ ಬಟ್ಟಿ ಅಂಗಡಿಯವ, ಒಬ್ಬ ಬಸ್ ಕಂಡಕ್ಟರ್, ಇನ್ನೊಬ್ಬ ಡಿಪ್ಲೊಮಾ ಮುಗಿಸಿ ನೌಕ್ರಿ ಹುಡುಕ್ಲತ್ತ 23 ವರ್ಷದ ಹುಡುಗ. ಐದೂ ಮಂದಿ ಒಂದ ದಿನ ಕೂಡಿ ಬಿಟ್ರು. ಮಾಸ್ತರ್ರ ಕಿಸೇದಾಗ ಒಂದು ಸಣ್ಣ ಡೈರಿ, ದಿನಾ ಮುಂಜಾನಿ ಕಲ್ಲಬೆಂಚಿನ ಮ್ಯಾಲ ಕುಂತು ಸಾಲಿಯಾಗ ಹಾಜರಿ ಕೂಗಿದಂಗ ಹೆಸರು ಕೂಗ್ತಾರ, ಪ್ರತಿಯೊಬ್ಬ ತನ್ನ ದಿನದ ಲೆಕ್ಕ ಹೇಳಬೇಕು, ಉಳದವರು ಚಪ್ಪಾಳಿ ಹೊಡಿಬೇಕು. ಯಾರರ ಒಂದು ಸೇದಿದ್ರ ಅವನ ಹೆಸರಿನ ಮುಂದ ಸೊನ್ನಿ, ಎಲ್ಲಾರ ಮುಂದ ನಿಂತು ಸೋತೆ ಅಂತ ಹೇಳೂದು, ಮ್ಯಾಲ ಆ ಐತ್ವಾರ ಎಲ್ಲಾರಿಗೂ ಮಿರ್ಚಿ ಭಜಿ.

ಮೂವತ್ತೊಂದನೇ ದಿನ ಹುಮನಾಬಾದ್‌ನಾಗ ಹೆಂಡ್ತಿ ಕಡೀದು ಒಂದು ಮದವಿ. ಊಟ ಆದ ಮ್ಯಾಲ ಕಲ್ಯಾಣ ಮಂಟಪದ ಹಿಂದ ಷಡ್ಡಕ ಒಂದು ಹಚ್ಚಿ ಕೈಗೆ ಕೊಟ್ಟ, ಒಂದು ಸೇದಿದ್ರ ಏನ್ ಸಾಯ್ತಿ ಅಂದ. ಇವ ಸೇದಿದ. ಮರುದಿನ ಕೆರಿ ಮ್ಯಾಲ ಮಾಸ್ತರ್ರು ಹೆಸರು ಕೂಗಿದಾಗ ಮೂವತ್ತೆರಡು ಅಂದ, ಚಪ್ಪಾಳಿ ಬಿತ್ತು. ಈಗ ಡೈರಿಯಾಗ ಐವತ್ತೆಂಟು ನಡದದ. ಆ ಹುಡುಗ ಬಂದು ಅಣ್ಣಾ ನಿಮ್ಮನ್ನ ನೋಡೇ ನಾ ತಡಕೊಂಡೀನಿ ಅಂತಾನಂತ. ಇವನ ಪ್ರಶ್ನಿ ಏನಂದ್ರ, ಅಕ್ಕಾ ನಾ ಆ ಒಂದು ಸಿಗರೇಟಿನ ವಿಷಯ ಹೇಳಬೇಕೋ ಬ್ಯಾಡೋ, ಹೇಳಿದ್ರ ಹುಡುಗ ಕೆಡ್ತಾನ, ಹೇಳದಿದ್ರ ನಂಗ ನಿದ್ದಿ ಇಲ್ಲ, ಎಲ್ಲಾ ಆ ಷಡ್ಡಕನಿಂದ ಆಯ್ತು, ಅವನ ಜೋಡಿ ಮಾತು ಬಿಟ್ಟೀನಿ.

ತಮ್ಮಾ, ನಿನ್ನ ಪತ್ರದ ಕಡೀ ಪುಟದಾಗ, ಮಗಳ ಪರೀಕ್ಷಿ ಸುದ್ದಿಗೂ ನಿಮ್ಮ ಸಾಹುಕಾರರ ಸುದ್ದಿಗೂ ನಡುವ, ಒಂದು ಸಾಲು ಬರದು ಮುಂದ ಹೋಗಿಬಿಟ್ಟಿದ್ದಿ. ಮಿಲ್ ಮುಂದಿನ ಚಾ ಅಂಗಡಿಗೆ ಈಗ ಹೋಗಲ್ಲ, ರಿಂಗ್ ರೋಡ್ ಕಡಿ ಹೊಸಾದು ಒಂದು ಅದ, ಅಲ್ಲಿ ಗದ್ದಲ ಕಡಿಮಿ ಅಂತ. ನಾ ಅಲ್ಲೇ ನಿಂತೆ. ಇಷ್ಟು ವರ್ಷ ಮಿಲ್ ಮುಂದ ಚಾ ಕುಡದವ, ಆ ಅಂಗಡಿಯವಗ ನಿನ್ನ ಸಕ್ರಿ ಎಷ್ಟು ಅಂತ ಗೊತ್ತು, ನೀ ಬಿಟ್ಟಿದ್ದೂ ಗೊತ್ತು, ಈಗ ಗದ್ದಲ ಆಗ್ಲತ್ತದೇನು ನಿಂಗ? ಒಂದ ಒಂದು ಸಿಗರೇಟ್ ಸೇದಿದ ಮನಶ್ಯಾ ಚಾ ಅಂಗಡಿ ಬದಲ ಮಾಡಲ್ಲ. ಗುರ್ತಿಲ್ಲದ ಅಂಗಡಿ ಯಾರಿಗೆ ಬೇಕಾಗ್ತದ, ದಿನಾ ಕೈಯಾಗ ಹಿಡಿಯೋನಿಗೆ ಬೇಕಾಗ್ತದ. ನೀ ದಿನಾ ಸೇದ್ಲತ್ತಿದ್ದಿ. ಮುಂಜಾನಿ ಐವತ್ತೆಂಟು ಅಂದು ಚಪ್ಪಾಳಿ ತೊಗೊಂಡು, ಹನ್ನೊಂದಕ್ಕ ರಿಂಗ್ ರೋಡಿಗೆ ಗಾಡಿ ತಿರುವ್ತಿ. ಮದವಿ ಮನಿ ಸಿಗರೇಟಿನ ಸುದ್ದಿ ನಂಗ ಬರದದ್ದು ಯಾಕ ಗೊತ್ತಾ, ನಿನ್ನಿಂದು ಇವತ್ತಿಂದು ಬರೀಲಾಕ ಆಗಲಿಲ್ಲ ಅದಕ್ಕ.

ಹೆಂಡ್ತಿಗೆ ಏನೂ ಗೊತ್ತಿಲ್ಲ ಅಂತನೂ ಬರದಿದ್ದಿ. ನಗು ಬಂತು. ಅಂಗಿ ಒಗಿಯೋರಿಗೆ ಗೊತ್ತಿಲ್ಲ ಅಂದ್ರ ಯಾರಿಗೆ ಗೊತ್ತಿರ್ತದ.

ಇದರಾಗ ನಂಗ ಆಶ್ಚರ್ಯ ಏನೂ ಇಲ್ಲ. ಒಂದು ದಮ್ ಎಳದ್ರ ಹತ್ತಿಪ್ಪತ್ತು ಸೆಕೆಂಡಿನಾಗ ನಿಕೋಟಿನ್ ತಲಿಗೆ ಮುಟ್ತದ, ರಕ್ತದಾಗ ಇದ್ದದ್ದು ಎರಡು ತಾಸಿಗೆ ಅರ್ಧ ಇಳೀತದ, ಇಳದ ಕೂಡ್ಲೇ ಮುಂದಿಂದು ಕೇಳ್ತದ. ಬಿಟ್ಟವರಿಗೆ ಭಾಳ ಕಷ್ಟ ಮೊದಲ ಎರಡು ಮೂರು ದಿನ, ತಲಿನೋವು, ಸಿಟ್ಟು, ನಿದ್ದಿ ಇಲ್ಲ, ಹೊಟ್ಟಿ ಸಾಫ್ ಆಗಲ್ಲ, ಆಮ್ಯಾಲ ಮೂರು ನಾಕು ವಾರದಾಗ ಮೈ ಸಮಾಧಾನಕ್ಕ ಬರ್ತದ. ನೀ ಅದನ್ನ ದಾಟಿದ್ದಿ. ಮೂವತ್ತೊಂದನೇ ದಿನ ನಿನ್ನ ಮೈ ಕೇಳಿರಲಿಲ್ಲ, ಮದವಿ ಕೇಳ್ತು, ಹೊಟ್ಟಿ ತುಂಬ ಊಟ, ಮಂಟಪದ ಹಿಂದ ನಾಕು ಗಂಡಸರು, ಕೈಯಾಗ ಏನೂ ಇಲ್ಲ. ಹಿಂತಾ ಜಾಗಾದಾಗ ಭಾಳ ಮಂದಿ ಜಾರ್ತಾರ. ಷಡ್ಡಕ ಹಚ್ಚಿ ಕೊಟ್ಟಿದ್ದು ತಪ್ಪ, ಇಲ್ಲ ಅನ್ನಲ್ಲ, ಆದ್ರ ಅವ ಕೊಟ್ಟಿದ್ದು ಒಂದು. ರಿಂಗ್ ರೋಡಿನ ಅಂಗಡಿಯಾಗ ಅವ ಇಲ್ಲ. ಅವನ ಜೋಡಿ ಮಾತಾಡು, ಮುಂದಿನ ಹಬ್ಬಕ್ಕ ಹೆಣ್ಣಮಕ್ಕಳು ಅಕ್ಕ ತಂಗಿ ಇಬ್ಬರೂ ನಿಮ್ಮ ಮಾರಿ ನೋಡ್ಕೋತ ಕೂಡೂದು ಬ್ಯಾಡ.

ಈಗ ನನ್ನ ಸಿಟ್ಟಿಗೆ ಬರ್ತೀನಿ. ಮಾಸ್ತರ್ರು.

ಈ ಅಂಕಣ ಓದೋರಿಗೆ ಗೊತ್ತದ, ನಾ ಹೇಳಿದ್ದ ಹೇಳ್ತೀನಿ, ಯಾವುದಕ್ಕ ದಂಡ ಇಡ್ತೀರೋ ಅದು ಮುಚ್ಚಿಟ್ಟುಕೊಂಡು ಬೆಳೀತದ. ಸೀರಿ ಬಿಲ್ಲು ಅಕ್ಕಿ ಡಬ್ಬ್ಯಾಗ ಮುಚ್ಚಿಡೋ ಹೆಣ್ಣಮಗಳಿಗೂ ಇದೇ ಹೇಳೀನಿ, ಮಾರ್ಕ್ಸ್‌ಕಾರ್ಡ್ ಮ್ಯಾಲ ಅಪ್ಪನ ಸಹಿ ತಾನ ಮಾಡೋ ಹುಡುಗನಿಗೂ ಇದೇ. ಮಾಸ್ತರ್ರು ಒಳ್ಳೇ ಮನಶ್ಯಾ ಇರಬೇಕು, ಮುಂಜಾನಿ ಐದೂವರಿಗೆ ಎದ್ದು ನಾಕು ಮಂದೀನ ಕೂಡಸ್ತಾರ ಅಂದ್ರ ಸುಳ್ಳಲ್ಲ. ಖರೇ ಅಂದ್ರ ಹಿಂತಾ ಜೊತಿ ಸಿಗೂದು ಭಾಳ ದೊಡ್ಡ ಮಾತು, ಒಬ್ಬನ ಬಿಡೋದಕ್ಕಿಂತ ನಾಕು ಮಂದಿ ಕೂಡಿ ಬಿಡೂದು ಹಗುರ. ಆದ್ರ ಅವರು ಆ ಜೊತೀನ ಪರೀಕ್ಷಾ ಹಾಲ್ ಮಾಡಿಟ್ಟಾರ. ಸೊನ್ನಿ ಬರೀತೀನಿ ಅಂದ್ರ ಯಾರು ಬಾಯಿ ಬಿಡ್ತಾರ? ಐವತ್ತೆಂಟಕ್ಕ ಚಪ್ಪಾಳಿ ಹೊಡದು ಹೊಡದು ನಿನ್ನನ್ನ ಎಷ್ಟು ಮ್ಯಾಲ ಕೂಡ್ಸ್ಯಾರಂದ್ರ ಇಳಿಲಾಕ ನಿಚ್ಚಣಕಿ ಇಲ್ಲ.

ಅದೂ ಆ ಡೈರಿ ಲೆಕ್ಕನರ ಬರೋಬ್ಬರಿ ಅದ ಏನು? ನೀನ ಬರದಿದ್ದಿ, ಕಂಡಕ್ಟರ್ ಈಗ ಪಾನ್ ಮಸಾಲಾ ಒಂದು ಪುಡಿ ಜರ್ದಾ ಒಂದು ಪುಡಿ ಕೂಡ್ಸಿ ಬಾಯಾಗ ಹಾಕ್ತಾನ, ಸಿಗರೇಟ್ ಅಂತೂ ಇಲ್ಲ, ಹಿಂಗಾಗಿ ಅವನ ನಂಬರ್ ನಡದದ ಅಂತ. ಗುಟ್ಕಾ ನಮ್ಮ ರಾಜ್ಯದಾಗ 2013ರಾಗ ಬಂದ್ ಆದ ಮ್ಯಾಲ ಹಿಂಗ ಎರಡು ಪುಡಿ ಮಾಡಿ ಮಾರ್ತಾರ, ಅದೂ ತಂಬಾಕೇ, ಅದರಾಗೂ ನಿಕೋಟಿನ್ನೇ, ಬಾಯಿ ಕ್ಯಾನ್ಸರ್ ಅದರ ಹಾದಿ. ಸಿಗರೇಟ್ ಬಿಟ್ಟು ಜರ್ದಾ ಹಿಡದವಗ ಚಪ್ಪಾಳಿ, ಮೂವತ್ತು ದಿನ ಬಿಟ್ಟು ಒಂದು ದಿನ ಜಾರಿದವಗ ಸೊನ್ನಿ. ಇದು ಯಾವ ಗಣಿತ ಮಾಸ್ತರ್ರೇ?

ನಿನ್ನ ಮೈಯಾಗ ಹಂಗ ಸೊನ್ನಿ ಆಗಲ್ಲ, ತಮ್ಮಾ. ಬಿಟ್ಟ ಒಂದೆರಡು ದಿನದಾಗ ರಕ್ತದಾಗಿನ ಕಾರ್ಬನ್ ಮಾನಾಕ್ಸೈಡ್ ಸೇದಲಾರದವರ ಮಟ್ಟಕ್ಕ ಇಳೀತದ, ಒಂದು ವರ್ಷ ತಡದ್ರ ಹೃದಯದ ಕಾಯಿಲಿ ಅಪಾಯ ಸೇದೋರಿಗಿಂತ ಅರ್ಧಕ್ಕ ಬರ್ತದ. ಆ ಮೂವತ್ತು ದಿನದಾಗ ನೀ ಚಾ ಕುಡದ ಮ್ಯಾಲ ಏನು ಮಾಡ್ಬೇಕು, ರಾತ್ರಿ ಗಾಡಿ ಬಂದಾಗ ಕೈ ಎಲ್ಲಿ ಇಡ್ಬೇಕು ಅಂತ ಕಲ್ತಿದ್ದಿ, ಅದು ಎಲ್ಲೂ ಹೋಗಿಲ್ಲ. ಆದ್ರ ಒಂದು ತಿಳ್ಕೊ, ಒಂದು ಸೇದಿದ್ರ ಏನೂ ಆಗಲ್ಲ ಅಂತ ನಾ ಹೇಳ್ಲತ್ತಿಲ್ಲ. ಆ ಒಂದು ನಿನ್ನನ್ನ ರಿಂಗ್ ರೋಡಿಗೆ ಕರ್ಕೊಂಡು ಹೋಗ್ಯದ.

ನಿಂಗ ಅಷ್ಟು ಮರುಗಿ ಮುಗೀತು. ನನ್ನ ಜೀವ ಆ ಹುಡುಗನ ಮ್ಯಾಲ ಅದ. 23 ವರ್ಷ, ನೌಕ್ರಿ ಇಲ್ಲ, ಮನ್ಯಾಗ ದಿನಾ ಎಷ್ಟು ಕಡಿ ಅರ್ಜಿ ಹಾಕಿದಿ ಅಂತ ಕೇಳಿಸ್ಕೋತಾನ, ಮಧ್ಯಾಹ್ನ ಮನ್ಯಾಗ ಸುಮ್ಮನ ಕುಂತಾಗ ತಲಬು ಹ್ಯಾಂಗ ಬರ್ತದ ಅಂತ ಅವಗಷ್ಟ ಗೊತ್ತು. ಅವ ನಿನ್ನ ಮಾರಿ ನೋಡ್ತಾನ, ಅಣ್ಣಗ ಏನೂ ಆಗ್ಲತ್ತಿಲ್ಲ, ಅಣ್ಣ ಐವತ್ತೆಂಟು ದಿನ ನಕ್ಕೋತ ಬಿಟ್ಟಾನ, ನಂಗ ಮಾತ್ರ ಹಿಂಗ ಆಗ್ತದ, ನಂದ ಏನೋ ಕಮ್ಮಿ ಅದ ಅನ್ಕೋತಾನ. ಹೇಳಿದ್ರ ಅವ ಕೆಡ್ತಾನ ಅಂತಿ. ಅವನಿಗೆ ಕೆಡಕು ಈಗ ಆಗ್ಲತ್ತದ, ನಿನ್ನ ಸುಳ್ಳಿನಿಂದ. ಬಿಟ್ಟವರು ಬಿಡೋರಿಗೆ ಕೊಡೋ ಧೈರ್ಯ ಅಂದ್ರ ಶಭಾಶ್ ಅನ್ನೂದು ಅಲ್ಲ, ನಂಗೂ ನಿನ್ನಿ ರಾತ್ರಿ ಹತ್ತಕ್ಕ ಭಾಳ ಆಗಿತ್ತು, ಎದ್ದು ಹೋಗಿ ಮಾರಿ ತೊಳಕೊಂಡು ಬಂದೆ, ಐದತ್ತು ನಿಮಿಷಕ್ಕ ಹೋಯ್ತು ನೋಡು ಅನ್ನೂದು. ಖರೇನೂ ಅಷ್ಟ, ತಲಬು ಬಂದ್ರ ತಾಸುಗಟ್ಲೆ ನಿಲ್ಲಲ್ಲ, ಕೆಲವು ನಿಮಿಷ ಕಾಡಿ ಇಳೀತದ. ಅದನ್ನ ಡೈರಿ ಹೇಳಲ್ಲ, ದಾಟಿದವ ಹೇಳ್ಬೇಕು.

ಇನ್ನೊಂದು ಮಾತು, ಅನುಮಾನ ಅಷ್ಟ: ಐದು ಮಂದಿಯಾಗ ನೀ ಒಬ್ಬನ ಸುಳ್ಳು ಹೇಳ್ಲತ್ತಿದ್ದಿ ಅಂತ ನಾ ನಂಬಲ್ಲ. ಬಟ್ಟಿ ಅಂಗಡಿಯವನ ಸುದ್ದಿ ಪತ್ರದಾಗ ಒಂದ ಸಾಲು ಅದ, ಇತ್ತೀಚಿಗಿ ಅವ ವಾಕಿಂಗ್ ತಡಾ ಮಾಡಿ ಬರ್ತಾನಂತ. ಬರ್ತಾನ, ಬರ್ತಾನ.

ಹಂಗಾರ ಏನ್ ಮಾಡ್ಬೇಕು? ಒಂದ ಕೆಲಸ. ಇವತ್ತ ರಾತ್ರಿ ಊಟ ಆದ ಮ್ಯಾಲ ಆ ಹುಡುಗಗ ಫೋನ್ ಹಚ್ಚು. ಮಾಸ್ತರ್ರಿಗೆ ಅಲ್ಲ, ಐದೂ ಮಂದಿ ಮುಂದ ಅಲ್ಲ, ಕೆರಿ ಮ್ಯಾಲ ಅಲ್ಲ. ಹುಡುಗಗ. ಹೇಳು, ತಮ್ಮಾ ನಾ ಮದವಿಯಾಗ ಸೇದಿದ್ದೆ, ಆಮ್ಯಾಲ ದಿನಾ ಇಷ್ಟು ಸೇದ್ಲತ್ತೀನಿ, ಮುಂಜಾನಿ ನಾ ಹೇಳಿದ್ದೆಲ್ಲಾ ಸುಳ್ಳು, ನಾಳಿಂದ ಮತ್ತ ಬಿಡ್ತೀನಿ, ತಲಬು ಬಂದಾಗ ಹಚ್ಚೋಕಿಂತ ಮೊದಲ ನಿಂಗ ಫೋನ್ ಮಾಡ್ತೀನಿ, ನೀ ಎತ್ತಬೇಕು, ನೀನೂ ನಂಗ ಮಾಡು. ಎಷ್ಟು ಸೇದ್ಲತ್ತಿದ್ದಿ ಅನ್ನೋ ನಂಬರ್ ಬಾಯಿ ಬಿಟ್ಟು ಹೇಳ್ಬೇಕು, ಅಲ್ಲಿ ಇಲ್ಲಿ ಒಂದು ಅಂತ ಜಾರಿಸಬ್ಯಾಡ. ಅವ ಸ್ವಲ್ಪ ಹೊತ್ತು ಸುಮ್ಮನ ಆಗ್ಬಹುದು, ಸಿಟ್ಟಾಗ್ಬಹುದು, ಫೋನ್ ಇಡಬಹುದು. ಇಡಲಿ, ಮರುದಿನ ಮತ್ತ ಹಚ್ಚು. ನನ್ನ ಅಂದಾಜು ಏನಂದ್ರ ಅಣ್ಣಾ ನಾನೂ ಅಂತ ಅವನೂ ಶುರು ಮಾಡ್ತಾನ.

ಫೋನ್ ಇಟ್ಟ ಮ್ಯಾಲ ಬೇಕಾದ ಸಾಮಾನು ಸ್ವಲ್ಪ ಹೇಳ್ತೀನಿ. ಮೆಡಿಕಲ್‌ನಾಗ ತಲಬು ತಡಿಲಾಕ ಸಿಗರೇಟಿನ ಬದಲ ಅಗಿಯೋ ನಿಕೋಟಿನ್ ಗಮ್ 2 ಮಿಲಿಗ್ರಾಂ ಚೀಟಿ ಇಲ್ಲದ ಸಿಗ್ತದ. ಎದ್ದ ಅರ್ಧ ತಾಸಿನಾಗ ಮೊದಲಿಂದು ಹಚ್ಚೋ ಚಟ ಇದ್ರ 4 ಮಿಲಿಗ್ರಾಂ ಬೇಕಾಗಬಹುದು, ಅದಕ್ಕ ಡಾಕ್ಟರ್‌ನ ಕೇಳು. ಅದನ್ನ ಬಬಲ್‌ಗಮ್ ಅಗದಂಗ ಅಗದು ಅಗದು ಹೊಟ್ಟಿ ತೊಳಸ್ತದ ಅಂತ ಉಗುಳೋರ ಭಾಳ ಮಂದಿ. ನಿಧಾನ ಅಗಿ, ಬಾಯಾಗ ಚುರು ಅಂದ ಕೂಡ್ಲೇ ಅಗಿಯೂದು ನಿಲ್ಲಿಸಿ ಗಲ್ಲಕ್ಕೂ ಒಸಡಿಗೂ ನಡುವ ಇಟ್ಕೊ, ಚುರುಕು ಹೋದ ಮ್ಯಾಲ ಮತ್ತ ಅಗಿ, ಅರ್ಧ ತಾಸು ಹಂಗ. ಚಾ ಕುಡದ ಕೂಡ್ಲೇ ಹಾಕಬ್ಯಾಡ, ಕಾಲು ತಾಸು ಬಿಡು, ಇಲ್ಲಂದ್ರ ಹತ್ತಲ್ಲ, ನಿಮ್ಮಂಥಾ ಚಾ ಮಂದಿ ಇಲ್ಲೇ ಸೋಲ್ತೀರಿ. ತಂಬಾಕು ಬಿಡೋರಿಗೆ ಫೋನಿನಾಗ ಸಲಹಾ ಕೊಡೋ ಸರ್ಕಾರದ ಕ್ವಿಟ್‌ಲೈನ್ ಅದ, 1800-11-2356, ಪುಕಟ, ಕನ್ನಡದಾಗ ಮಾತಾಡೋರು ಅದಾರ. ಆ ನಂಬರ್ ಪಾಕೀಟಿನ ಮ್ಯಾಲ ಗಾಯದ ಚಿತ್ರದ ಜೋಡಿ ಅಚ್ಚಾಗಿರ್ತದ, ಆದ್ರ ನೀ ಈಗ ಬಿಡಿ ಬಿಡಿ ಕೊಳ್ಳೋನು, ನಿಂಗ ಪಾಕೀಟು ಕಾಣಲ್ಲ. ನಮ್ಮ ರಾಜ್ಯದಾಗ ಬಿಡಿ ಸಿಗರೇಟ್ ಮಾರಬಾರದಂತ ಕಾನೂನು ಅದ, ರಿಂಗ್ ರೋಡಿನ ಹೊಸಾ ಅಂಗಡಿಯವಗ ಇದು ಗೊತ್ತಿಲ್ಲೇನೋ.

ಮಿಲ್ ಮುಂದಿನ ಅಂಗಡಿಯವನ ಕಡಿ ನಾಳಿ ಹೋಗು, ಅವ ಏನೂ ಕೇಳಲ್ಲ.

ಕೆರಿ ಮ್ಯಾಲ ಯಾವಾಗ ಹೇಳೂದು ಅಂತ ನೀನು, ಹುಡುಗ ಇಬ್ಬರೂ ಕೂಡಿ ತೀರ್ಮಾನ ಮಾಡ್ರಿ, ನಂಗ ಅದರ ಗಡಿಬಿಡಿ ಇಲ್ಲ. ಮಾಸ್ತರ್ರೇ, ನೀವು ಇದನ್ನ ಓದ್ಲತ್ತಿದ್ರ, ನೀವು ಪೇಪರ್ ಓದೋ ಪೈಕಿ ಅಂತ ನಂಗ ಅನಸ್ತದ, ನಾಳಿ ಮುಂಜಾನಿ ಹೆಸರು ಕೂಗೋಕಿಂತ ಮೊದಲ ಒಂದು ಪ್ರಶ್ನಿ ಕೇಳ್ರಿ: ನಿನ್ನಿ ಯಾರಿಗೆ ಭಾಳ ತ್ರಾಸ ಆಯ್ತು? ಮೊದಲ ಉತ್ತರ ನೀವ ಹೇಳ್ರಿ. ಐತ್ವಾರ ಮಿರ್ಚಿ ಭಜಿ ಬೇಕಂದ್ರ ದಂಡ ಇಲ್ಲದ ತರಸ್ರಿ, ರೊಕ್ಕ ನಿಮ್ಮದ.